ಜಯಲತಕ್ಕನ ಮಂಗಳವಾರದ ಗೆಲುವು

ಕಲ್ಯಾಣ ಸ್ಟೇಷನ್ನಿನಲ್ಲಿ ಪಶ್ಚಿಮಕ್ಕೆ ಇಳಿದು, ರಿಕ್ಷಾದವರ ಕೂಗಾಟ ದಾಟಿ ಎಡಕ್ಕೆ ಹೊರಳಿದರೆ ಮೂರನೆಯ ಗಲ್ಲಿಯ ಬಾಯಲ್ಲೇ ಒಂದು ಹೋಟೆಲ್ ಇದೆ. ಬೋರ್ಡಿನ ಮೇಲಿರುವ ಹೆಸರು ಯಾರಿಗೂ ಬೇಡ, ಎಲ್ಲರ ಬಾಯಲ್ಲೂ ಅದು ‘ಅಕ್ಕನ ಹೋಟೆಲ್’. ಅಕ್ಕ ಅಂದರೆ ಜಯಲತಾ. ವಯಸ್ಸು ನಲವತ್ತಾರು, ಹುಟ್ಟಿದ್ದು ಕಾರ್ಕಳದ ಹತ್ತಿರ, ಮದುವೆಯಾಗಿ ಕಲ್ಯಾಣಕ್ಕೆ ಬಂದು ಇಪ್ಪತ್ತಾರು ವರ್ಷ. ಬಂದ ಮೊದಲ ವಾರವೇ ಗಂಡ ವಸಂತಕುಮಾರ, ‘ಅರ್ಧ ಗಂಟೆ ಗಲ್ಲಾದಲ್ಲಿ ಕೂತಿರು, ಮಾರ್ಕೆಟ್ಟಿಗೆ ಹೋಗಿ ಬರ್ತೇನೆ’ ಎಂದು ಕೂರಿಸಿ ಹೋದ. ಆ ಅರ್ಧ ಗಂಟೆ ಇನ್ನೂ ಮುಗಿದಿಲ್ಲ.

ಕೂತಲ್ಲಿಂದಲೇ ಅವಳು ಇಡೀ ಹೋಟೆಲನ್ನು ಆಳುತ್ತಾಳೆ. ಬಾಗಿಲಲ್ಲಿ ಕಾಲಿಡುವ ಗಿರಾಕಿಯ ನಡಿಗೆ ನೋಡಿಯೇ ಇವನಿಗೆ ಇಡ್ಲಿ ಸಾಕೋ ಊಟವೇ ಬೇಕೋ ಎಂದು ಹೇಳಬಲ್ಲಳು. ಬಾಯಿ ಜೋರು, ಮನಸ್ಸು ಮೆತ್ತಗೆ. ಆದರೆ ಒಂದು ವಿಷಯದಲ್ಲಿ ಮಾತ್ರ ಮನಸ್ಸೂ ಮೆತ್ತಗಲ್ಲ. ಅವಳಿಗೆ ಸೋಲು ಆಗದು. ಚಿಕ್ಕವಳಿದ್ದಾಗ ಚೆನ್ನೆಮಣೆಯಲ್ಲಿ ಸೋಲಿಸಿದಳೆಂದು ಸ್ವಂತ ತಂಗಿಯ ಜೊತೆ ಮೂರು ದಿನ ಮಾತು ಬಿಟ್ಟವಳು ಇವಳು. ನಾಲ್ಕನೆಯ ದಿನ ಮಾತಾಡಿದ್ದು ಕೂಡ ‘ಬಾ, ಇನ್ನೊಂದು ಆಟ’ ಎಂದು ಕರೆಯಲಿಕ್ಕೆ.

ಇಂಥವಳ ಕೈಗೆ ಹೊಡೆದಾಟದ ವಿಡಿಯೋ ಗೇಮ್ ಸಿಕ್ಕಿದ್ದು ಮಗಳು ನಿಕಿತಾಳ ದೆಸೆಯಿಂದ. ಕಾಲೇಜಿನಲ್ಲಿದ್ದಾಗ ಹಠ ಮಾಡಿ ಗೇಮಿನ ಡಬ್ಬಿ ತರಿಸಿಕೊಂಡಿದ್ದ ನಿಕಿತಾ ಐರೋಲಿಯ ಆಫೀಸು ಸೇರಿದ ಮೇಲೆ ಅದರತ್ತ ತಿರುಗಿಯೂ ನೋಡಲಿಲ್ಲ. ಸುಮ್ಮನೆ ಧೂಳು ತಿನ್ನುವುದು ಯಾಕೆಂದು ಜಯಲತಾ ಅದನ್ನು ಹೋಟೆಲಿಗೆ ತಂದು, ಅಡುಗೆಮನೆಯ ಮೇಲಿದ್ದ ತಗ್ಗು ಅಟ್ಟದಲ್ಲಿ, ಎಲ್ಲರೂ ‘ಮಾಳ’ ಅನ್ನುವಲ್ಲಿ, ಹಳೆಯ ಟಿವಿಗೆ ಸಿಕ್ಕಿಸಿ ಕೊಟ್ಟಳು. ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ತನಕ, ಅಂದರೆ ಮೂರರಿಂದ ನಾಲ್ಕೂವರೆಯವರೆಗೆ, ಕೆಲಸದವರು ಅಲ್ಲೇ ಕಾಲು ಚಾಚುತ್ತಿದ್ದರು. ಒಂದು ದಿನ ಸದ್ದು ಕಡಿಮೆ ಮಾಡಿ ಎಂದು ಬೈಯಲು ಮೇಲೆ ಹತ್ತಿದ ಅಕ್ಕ, ಬೈದು ಮುಗಿಸಿ, ‘ಎಂತದ್ದು ಅದು, ಕೊಡು ಇಲ್ಲಿ’ ಎಂದು ಕೂತಳು. ಅವತ್ತು ಸಂಜೆಯ ಮೊದಲ ಗಿರಾಕಿಗಳಿಗೆ ಗಲ್ಲಾದಲ್ಲಿ ಯಾರೂ ಕಾಣಲಿಲ್ಲ.

ಆಟ ದೊಡ್ಡ ಸಂಗತಿಯೇನಲ್ಲ. ಪರದೆಯ ಮೇಲೆ ಇಬ್ಬರು ಎದುರುಬದುರು ನಿಲ್ಲುತ್ತಾರೆ. ಹೊಡೆಯಬೇಕು, ತಡೆಯಬೇಕು. ತಲೆಯ ಮೇಲಿನ ಹಸಿರು ಪಟ್ಟಿ ಯಾರದ್ದು ಮೊದಲು ಖಾಲಿಯಾಗುತ್ತದೋ ಅವರು ಆ ಸುತ್ತು ಸೋತರು. ಮೂರರಲ್ಲಿ ಎರಡು ಸುತ್ತು ಗೆದ್ದವರದ್ದು ಆಟ. ಹದಿನಾರು ಜನ ಕಾದಾಳುಗಳಲ್ಲಿ ಜಯಲತಾ ಉದ್ದ ಕೋಲು ಹಿಡಿದ ಒಬ್ಬ ಹೆಂಗಸನ್ನು ಆರಿಸಿಕೊಂಡಳು. ಎದುರಿನವನನ್ನು ದೂರದಿಂದಲೇ ಚುಚ್ಚಬಹುದು, ಮೈಗೆ ಮೈ ತಾಗಿಸುವ ರಗಳೆಯಿಲ್ಲ, ಸ್ವಚ್ಛ ಕೆಲಸ ಎಂಬುದು ಅವಳ ಅಭಿಪ್ರಾಯ. ದೋಸೆ ಕಾವಲಿಯ ಸೈದಪ್ಪ ಆರಿಸಿಕೊಂಡದ್ದು ಒಬ್ಬ ದಢೂತಿ ಪೈಲ್ವಾನನನ್ನು. ಸೈದಪ್ಪ ಯಾದಗಿರಿ ಕಡೆಯವನು, ಮೂವತ್ತೈದರ ಗಂಡಸು, ಶಹಾಡಿನಲ್ಲಿ ರೂಮು. ಒಂದೇ ಸಲಕ್ಕೆ ಎಂಟು ದೋಸೆ ಹುಯ್ದು ಎಂಟನ್ನೂ ಒಂದೇ ಬಣ್ಣಕ್ಕೆ ತೆಗೆಯುವವನು, ಮಾತು ಮಾತ್ರ ಬಹಳ ಕಡಿಮೆ. ಮೇಜು ನೋಡಿಕೊಳ್ಳುವ ಬಾಲಪ್ಪ ಗದಗಿನವನು. ಅವನು ದಿನಕ್ಕೊಬ್ಬ ಕಾದಾಳುವನ್ನು ಬದಲಾಯಿಸುತ್ತಿದ್ದ, ಮಾತು ನಿಲ್ಲಿಸುತ್ತಿರಲಿಲ್ಲ.

ಎರಡು ವರ್ಷ ಜಯಲತಕ್ಕ ಸೋಲಲಿಲ್ಲ. ಉತ್ಪ್ರೇಕ್ಷೆಯಲ್ಲ, ಒಂದೇ ಒಂದು ಆಟವನ್ನೂ ಸೋಲಲಿಲ್ಲ. ಸುಲಭವಾಗಿ ಗೆದ್ದಳು ಅಂತಲ್ಲ. ಸೈದಪ್ಪನ ಜೊತೆ ಆಡಿದಾಗ ಮೊದಲ ಸುತ್ತು ಅವನದ್ದೇ ಆಗುತ್ತಿತ್ತು. ಎರಡನೆಯದು ಇವಳದ್ದು. ಮೂರನೆಯದರಲ್ಲಿ ಇಬ್ಬರ ಪಟ್ಟಿಯೂ ನೂಲಿನಷ್ಟು ಉಳಿದು, ಬಾಲಪ್ಪ ಎದ್ದು ನಿಂತು, ಅಕ್ಕನ ಹಣೆ ಬೆವತು, ಕೊನೆಯ ಕ್ಷಣದಲ್ಲಿ ಕೋಲು ಹೋಗಿ ಪೈಲ್ವಾನನ ಹೊಟ್ಟೆಗೆ ಬೀಳುತ್ತಿತ್ತು. ‘ನೋಡು, ನೋಡು! ಬಂತಾ? ಬಂತಾ?’ ಎಂದು ಕೂಗುತ್ತ ಅಕ್ಕ ಕೆಳಗಿಳಿದರೆ ಆ ಸಂಜೆ ಹೋಟೆಲಿನಲ್ಲಿ ಹಬ್ಬ. ಹಾಲಿನವನಿಂದ ಹಿಡಿದು ಎದುರು ಅಂಗಡಿಯ ಗುಜರಾತಿ ಮುದುಕನವರೆಗೆ ಎಲ್ಲರಿಗೂ ಅಂದಿನ ಆಟದ ವರದಿ ಮುಟ್ಟುತ್ತಿತ್ತು. ಪಾಪ, ಆ ಮುದುಕನಿಗೆ ಎರಡೂ ಕಿವಿ ಕೇಳದು, ಆದರೂ ತಲೆಯಾಡಿಸುತ್ತಿದ್ದ.

‘ಮಮ್ಮಿ, ವಾಶೀಲಾ ಟೂರ್ನಮೆಂಟ್ ಆಹೆ. ತುಝಂ ನಾವ ದೇಊ ಕಾ?’ ಎಂದು ನಿಕಿತಾ ಒಂದು ದಿನ ಕೇಳಿದಳು. ಕನ್ನಡ, ತುಳು ಎರಡೂ ಅರ್ಥವಾದರೂ ನಿಕಿತಾಳ ಬಾಯಿಂದ ಬರುವುದು ಮರಾಠಿಯೇ. ಹೆಸರು ಕೊಡಲೇ ಎಂದು ಅವಳು ಕೇಳಿದ್ದು ಅರ್ಧ ತಮಾಷೆಗೆ. ತಾಯಿ ಪೂರ್ತಿ ಗಂಭೀರವಾಗಿ, ‘ಕೊಡು, ಕೊಡು. ಗೆದ್ದರೆ ಎಂತ ಕೊಡ್ತಾರೆ ಕೇಳು’ ಅಂದಳು.

ಆ ಭಾನುವಾರ ಜಯಲತಾ ಹೊಸ ಕಾಟನ್ ಸೀರೆ ಉಟ್ಟು, ಮಗಳ ಜೊತೆ ಠಾಣೆಗೆ ಹೋಗಿ ಗಾಡಿ ಬದಲಿಸಿ ವಾಶಿಯಲ್ಲಿ ಇಳಿದಳು. ಬಾಲಪ್ಪ ಕಟ್ಟಿಕೊಟ್ಟ ಇಡ್ಲಿ-ವಡೆಯ ಪಾರ್ಸೆಲ್ ಚೀಲದಲ್ಲಿತ್ತು, ಗೆದ್ದ ಮೇಲೆ ಹಂಚಲಿಕ್ಕೆ. ಗೇಮಿಂಗ್ ಕೆಫೆಯಲ್ಲಿ ನಲವತ್ತು ಜನರಿದ್ದರು. ಸೀರೆ ಉಟ್ಟವಳು ಇವಳೊಬ್ಬಳೇ. ನಿಯಮ ಸರಳ: ಎರಡು ಆಟ ಸೋತವರು ಮನೆಗೆ. ಅದನ್ನು ಕೇಳಿ ‘ಎರಡು ಯಾಕೆ, ಒಂದು ಸಾಕಿತ್ತು’ ಎಂದು ಅಕ್ಕ ನಿಕಿತಾಳ ಕಿವಿಯಲ್ಲಿ ಹೇಳಿದಳು.

ಮೊದಲನೆಯ ಆಟ ಮುಗಿಯಲು ಎರಡು ನಿಮಿಷವೂ ಬೇಕಾಗಲಿಲ್ಲ. ಎದುರಿನವನು ಹೊಡೆಯಲೇ ಇಲ್ಲ. ನೆಟ್ಟಗೆ ನಡೆದುಬಂದ, ಕೋಲಿನವಳನ್ನು ಹಿಡಿದು ಎತ್ತಿ ನೆಲಕ್ಕೆ ಒಗೆದ. ಅವಳು ಎದ್ದಳು, ಕೋಲನ್ನು ಅಡ್ಡ ಹಿಡಿದು ತಡೆಯುತ್ತ ನಿಂತಳು. ಅವನು ಮತ್ತೆ ಬಂದ, ಮತ್ತೆ ಹಿಡಿದ, ಮತ್ತೆ ಒಗೆದ. ಎರಡನೆಯ ಆಟ ಮನೀಷ್ ಎಂಬ ಕನ್ನಡಕದ ಗಂಡಸಿನ ಜೊತೆ. ನೇರೂಳಿನಲ್ಲಿ ಅವನದ್ದು ಔಷಧಿ ಅಂಗಡಿ, ಬಂದವರ ಹೆಸರು ಬರೆದುಕೊಂಡವನೂ ಅವನೇ. ಅವನೂ ಅದನ್ನೇ ಮಾಡಿದ, ಸ್ವಲ್ಪ ಮರ್ಯಾದೆಯಿಂದ. ಹನ್ನೊಂದು ಗಂಟೆಗೆ ಶುರುವಾದ ಟೂರ್ನಮೆಂಟಿನಲ್ಲಿ ಹನ್ನೊಂದೂವರೆಗೆ ಅಕ್ಕನ ಕೆಲಸ ಮುಗಿದಿತ್ತು.

‘ಎಂಥದು ಮಾರಾಯ ಇದು! ಹಿಡಿಯುವುದು, ಬಿಸಾಡುವುದು! ಇದೊಂದು ಆಟವಾ?’ ಎಂದು ಅವಳು ತನ್ನಷ್ಟಕ್ಕೆ ಗೊಣಗಿದಳು.

ಮನೀಷ್ ನಕ್ಕ. ‘ಆಂಟಿ, ಕನ್ನಡ್ ಸಮಝ್ತಾ ಹೂಂ. ಪಪ್ಪಾ ಕುಂದಾಪುರದವರು.’ ಅಲ್ಲಿಗೆ ಅವನ ಕನ್ನಡದ ದಾಸ್ತಾನು ಮುಗಿದು ಹಿಂದಿ ಶುರುವಾಯಿತು. ‘ಆಪ್ ಕಾ ಬ್ಲಾಕ್ ಏಕ್‌ದಮ್ ಬಢಿಯಾ ಹೈ. ಲೇಕಿನ್ ಗ್ರ್ಯಾಬ್ ಸೇ ಛೂಟ್ನಾ ಆತಾ ಹೀ ನಹೀಂ. ಘರ್ ಪೇ ಕೋಯೀ ಪಕಡ್ತಾ ನಹೀಂ ಕ್ಯಾ?’ ತಡೆಯಲು ಚೆನ್ನಾಗಿ ಬರುತ್ತದೆ, ಹಿಡಿತದಿಂದ ಬಿಡಿಸಿಕೊಳ್ಳಲು ಬರುವುದೇ ಇಲ್ಲ, ಮನೆಯಲ್ಲಿ ಯಾರೂ ಹಿಡಿಯುವುದಿಲ್ಲವೇ ಎಂಬುದು ಅವನ ಪ್ರಶ್ನೆ.

ತಡೆಯುತ್ತ ನಿಂತವರನ್ನು ಹಿಡಿಯಬೇಕು, ಹಿಡಿದಾಗ ಇವರು ಎರಡು ಗುಂಡಿ ಒಟ್ಟಿಗೆ ಒತ್ತಿ ಬಿಡಿಸಿಕೊಳ್ಳಬೇಕು, ಕಣ್ಣು ಮಿಟುಕಿಸುವುದರೊಳಗೆ ಒತ್ತಬೇಕು. ಇದು ಈ ಆಟದ ಮೊದಲ ಪಾಠ ಎಂದು ಅವನು ತೋರಿಸಿಕೊಟ್ಟ. ಎರಡು ವರ್ಷ ಆಡಿದವರಿಗೆ ಇದು ಗೊತ್ತಿಲ್ಲದಿರುವುದು ಅವನಿಗೆ ದೊಡ್ಡ ಸೋಜಿಗ. ಹೋಗುವಾಗ ತನ್ನ ಫೋನ್ ನಂಬರೂ ಕೊಟ್ಟ. ಪಾರ್ಸೆಲಿನ ಇಡ್ಲಿಯನ್ನು ಅಕ್ಕ ಅವನಿಗೇ ಕೊಟ್ಟಳು, ವಾಪಸು ಹೊತ್ತುಕೊಂಡು ಹೋಗುವ ಮನಸ್ಸಿರಲಿಲ್ಲ.

ವಾಪಸು ಬರುವಾಗ ಗಾಡಿ ಘಣಸೋಲಿ ದಾಟುವ ಹೊತ್ತಿಗೆ ಅವಳ ತಲೆಗೆ ಒಂದು ಹುಳ ಹೊಕ್ಕಿತು. ಎರಡು ವರ್ಷದಲ್ಲಿ ತನ್ನ ಕೋಲಿನವಳನ್ನು ಯಾರೂ ಒಮ್ಮೆಯೂ ಹಿಡಿದಿಲ್ಲ. ಬಾಲಪ್ಪ ಹಿಡಿದಿಲ್ಲ ಅಂದರೆ ಅವನಿಗೆ ಗೊತ್ತಿಲ್ಲ ಅನ್ನಬಹುದು. ಆದರೆ ಸೈದಪ್ಪ? ಹಿಡಿಯುವುದನ್ನು ಬಿಟ್ಟರೆ ಆ ಪೈಲ್ವಾನನಿಗೆ ಬೇರೆ ವಿದ್ಯೆಯೇ ಇಲ್ಲ ಎಂದು ಮನೀಷ್ ಹೇಳಿದ್ದ. ಅಂಥವನು ಎರಡು ವರ್ಷ ಕೋಲಿನವಳ ಸುತ್ತ ಕುಣಿದು ಕುಣಿದು ಬರೀ ತಟ್ಟಿದ್ದು ಯಾಕೆ?

ಮಾರನೆಯ ದಿನ ಮೂರು ಗಂಟೆಗೆ ಮಾಳ ಹತ್ತಿದ ಅಕ್ಕ ಕಂಟ್ರೋಲರ್ ಮುಟ್ಟಲಿಲ್ಲ.

‘ಸೈದಪ್ಪ, ನಿನ್ನ ಪೈಲ್ವಾನ ನನ್ನನ್ನು ಒಂದು ಸಲವೂ ಹಿಡಿಯಲಿಲ್ಲ. ಯಾಕೆ?’

ಸೈದಪ್ಪ ನೆಲ ನೋಡಿದ. ಬಾಲಪ್ಪ ಫ್ಯಾನ್ ನೋಡಿದ.

‘ಹ್ಯಾಂಗ ಹಿಡೀಲ್ರಿ ಅಕ್ಕಾರ?’ ಎಂದ ಸೈದಪ್ಪ ಕೊನೆಗೆ. ‘ನೀವು ಅಕ್ಕ ಅದೀರಿ. ನಿಮ್ಮ ಕುತ್ತಿಗಿಗೆ ಕೈ ಹಾಕಿ ನೆಲಕ್ಕ ಒಗೀಲೇನ್ರಿ?’

‘ಅದು ನಾನಲ್ಲ ಮಾರಾಯ, ಕೋಲಿನವಳು!’

‘ಆಡೋರು ನೀವಲ್ರಿ?’

ನಿಂತಲ್ಲಿಂದ ತಟ್ಟುವುದು ಸೈದಪ್ಪನ ಲೆಕ್ಕದಲ್ಲಿ ಆಟ, ಹಿಡಿಯುವುದು ಮರ್ಯಾದೆಗೇಡು. ಯಾರೂ ಹೇಳಿಕೊಡದೆಯೇ ಮಾಳದವರೆಲ್ಲ ಆ ಗೆರೆಯನ್ನು ಪಾಲಿಸಿದ್ದರು. ಅಷ್ಟಕ್ಕೇ ಮುಗಿದಿದ್ದರೆ ಅಕ್ಕ ನಕ್ಕು ಬಿಡುತ್ತಿದ್ದಳೇನೋ. ಆದರೆ ಬಾಲಪ್ಪನಿಗೆ ಮೌನ ತಡೆಯುವುದಿಲ್ಲವಲ್ಲ.

‘ಮತ್ತ ರಜಾದ್ದೂ ಇತ್ತಲ್ರಿ ಅಕ್ಕಾ...’ ಎಂದು ಬಾಯಿ ಬಿಟ್ಟ. ಸೈದಪ್ಪ ಅವನ ತೊಡೆ ಚಿವುಟುವಷ್ಟರಲ್ಲಿ ತಡವಾಗಿತ್ತು.

‘ಎಂತ ರಜೆ?’

ಒಂದೊಂದಾಗಿ ಎಲ್ಲವೂ ಹೊರಬಿತ್ತು. ಅಕ್ಕ ಗೆದ್ದ ಸಂಜೆ ರಜೆ ಕೇಳಿದರೆ ಇಲ್ಲವೆನ್ನುವುದಿಲ್ಲ ಎಂಬುದನ್ನು ಮೊದಲು ಕಂಡುಹಿಡಿದವನು ಬಾಲಪ್ಪ. ಅಂದಿನಿಂದ ಯಾರಿಗೆ ರಜೆ ಬೇಕೋ ಅವತ್ತು ಅವನೇ ಅಕ್ಕನ ಎದುರು ಕೂರಬೇಕು, ಸೋಲಬೇಕು, ಐದೂವರೆಗೆ ಗಲ್ಲಾದ ಹತ್ತಿರ ಹೋಗಿ ತಲೆ ಕೆರೆಯಬೇಕು. ಒಂದೇ ದಿನ ಇಬ್ಬರು ಹಾಗೆ ಮಾಡುವಂತಿಲ್ಲ. ಸುಮ್ಮನೆ ಸೋತರೆ ಅಕ್ಕನಿಗೆ ರುಚಿಸದು ಎಂದು ಮೊದಲ ಸುತ್ತು ಗೆದ್ದು ಆಮೇಲೆ ಎರಡು ಬಿಟ್ಟುಕೊಡುವ ಕ್ರಮವನ್ನು ತಂದವನು ಸೈದಪ್ಪ. ಆ ನೂಲಿನಷ್ಟು ಉಳಿದ ಹಸಿರು ಪಟ್ಟಿ, ಆ ಕೊನೆಯ ಕ್ಷಣದ ಕೋಲು, ಎಲ್ಲವೂ ಅವನ ಕೈಚಳಕ.

ಜಯಲತಾ ಬೈಯಲಿಲ್ಲ. ಬೈದಿದ್ದರೆ ಎಲ್ಲರಿಗೂ ಸಮಾಧಾನವಾಗುತ್ತಿತ್ತು. ಸುಮ್ಮನೆ ಏಣಿ ಇಳಿದು ಹೋಗಿ ಗಲ್ಲಾದಲ್ಲಿ ಕೂತಳು. ಅವಳಿಗೆ ಸಿಟ್ಟಿಗಿಂತ ನಾಚಿಕೆಯಾಗಿತ್ತು. ಎರಡು ವರ್ಷ ಊರಿಗೆಲ್ಲ ಡಂಗುರ ಹೊಡೆದ ಗೆಲುವುಗಳಲ್ಲಿ ಒಂದೂ ತನ್ನದಲ್ಲ. ನಾನು ಒಳ್ಳೆಯ ಆಟಗಾರ್ತಿಯೋ ಕೆಟ್ಟವಳೋ ಎಂಬುದು ಹೋಗಲಿ, ನಾನು ಆಟಗಾರ್ತಿಯೇ ಅಲ್ಲ, ಇವರೆಲ್ಲ ಸೇರಿ ತೂಗಿದ ತೊಟ್ಟಿಲಲ್ಲಿ ಮಲಗಿದ್ದೆ ಅನ್ನಿಸಿತು. ಒಂದು ಗೆಲುವು ಬೇಕು. ಒಂದೇ ಸಾಕು, ಆದರೆ ನಿಜವಾದದ್ದು.

ನಾಲ್ಕು ದಿನ ಅವಳು ಮಾಳ ಹತ್ತಲಿಲ್ಲ. ಐದನೆಯ ದಿನ ಅಡುಗೆಮನೆಯ ಗೋಡೆಗೆ ಒಂದು ಹಾಳೆ ಅಂಟಿತು. ರಜೆ ಬೇಕಾದವರು ಅಲ್ಲಿ ಹೆಸರು, ತಾರೀಕು ಬರೆಯಬೇಕು, ಕೊಡುವುದು ಬಿಡುವುದು ವಸಂತಕುಮಾರನ ಕೆಲಸ, ಅಕ್ಕನ ಹತ್ತಿರ ಆ ಮಾತೇ ಎತ್ತಬಾರದು. ವಸಂತಕುಮಾರನಿಗೆ ತನಗೊಂದು ಅಧಿಕಾರ ಸಿಕ್ಕಿತೆಂದು ಖುಷಿಯಾಯಿತು, ಪಾಪ, ಮದುವೆಯಾದ ಮೇಲೆ ಮೊದಲನೆಯದು. ಮೂರು ಗಂಟೆಗೆ ಅಕ್ಕ ಮಾಳ ಹತ್ತಿ ಸೈದಪ್ಪನ ಎದುರು ಕೂತಳು.

‘ಈಗ ಹಿಡಿ.’

‘ಆಗಂಗಿಲ್ರಿ ಅಕ್ಕಾರ.’

‘ಹಿಡಿಯದಿದ್ದರೆ ನಾಳೆಯಿಂದ ನೀನು ಗಲ್ಲಾದಲ್ಲಿ ಕೂರು, ನಾನು ದೋಸೆ ಹುಯ್ತೇನೆ.’

ಹೋಟೆಲು ಮುಳುಗುವುದು ಖಂಡಿತ ಎಂದು ಸೈದಪ್ಪನಿಗೆ ಅರ್ಥವಾಯಿತು. ಅವನು ಕಣ್ಣು ಅರೆಮುಚ್ಚಿ ಗುಂಡಿ ಒತ್ತಿದ. ಪೈಲ್ವಾನ ಎರಡು ವರ್ಷದಲ್ಲಿ ಮೊದಲ ಸಲ ತನ್ನ ಕಸುಬು ಮಾಡಿದ. ಕೋಲಿನವಳು ಮೇಲೆ ಹೋಗಿ ಕೆಳಗೆ ಬಂದಳು. ‘ತಪ್ಪಾತ್ರಿ’ ಎಂದ ಸೈದಪ್ಪ. ಮತ್ತೆ ಹಿಡಿದ, ಮತ್ತೆ ‘ತಪ್ಪಾತ್ರಿ’. ಆ ದಿನ ಅವನು ಹದಿನೇಳು ಸಲ ಒಗೆದ, ಹದಿನೇಳು ಸಲ ತಪ್ಪೊಪ್ಪಿಕೊಂಡ.

ಶುರುವಾಯಿತು ನೋಡಿ ಸೋಲಿನ ಕಾಲ. ದಿನಾ ಸೋಲು, ವಾರಗಟ್ಟಲೆ ಸೋಲು. ಐವತ್ತರ ನಂತರ ಅವಳು ಎಣಿಸುವುದನ್ನೇ ಬಿಟ್ಟಳು. ಮನೀಷನಿಗೆ ಫೋನ್ ಮಾಡಿದರೆ ಅವನು ಇನ್ನೊಂದು ಶಿಕ್ಷೆ ಹೇಳಿದ. ಆಡಿದ ಆಟವನ್ನು ಆ ಡಬ್ಬಿ ನೆನಪಿಟ್ಟುಕೊಳ್ಳುತ್ತದೆ, ಸೋತ ಆಟವನ್ನೇ ಹಾಕಿ ಮತ್ತೆ ನೋಡಿ ಎಂದ. ಸೋತದ್ದನ್ನು ಒಮ್ಮೆ ಸಹಿಸುವುದೇ ಕಷ್ಟವಾದ ಹೆಂಗಸು ಅದನ್ನೇ ನಾಲ್ಕು ಸಲ ಕೂತು ನೋಡಿದಳು. ತಾನು ಗಾಬರಿಯಾದಾಗಲೆಲ್ಲ ಕೋಲು ಅಡ್ಡ ಹಿಡಿದು ಕಲ್ಲಾಗಿ ನಿಲ್ಲುತ್ತೇನೆ ಎಂದು ಕಂಡಿತು. ನಿಂತಿದ್ದೇ ತಡ, ಪೈಲ್ವಾನ ಬಂದು ಎತ್ತುತ್ತಾನೆ. ಆಡುವಾಗ ಇದು ಗೊತ್ತೇ ಆಗುತ್ತಿರಲಿಲ್ಲ.

ಆರನೆಯ ವಾರಕ್ಕೆ ಇನ್ನೊಂದು ಕಂಡಿತು. ಹಿಡಿಯುವ ಮುಂಚೆ ಸೈದಪ್ಪ ಅರ್ಧ ಹೆಜ್ಜೆ ಮುಂದಿಟ್ಟು ಒಂದು ಕ್ಷಣ ತಡೆಯುತ್ತಾನೆ. ಬಾಗಿಲಲ್ಲಿ ನಿಂತು ಒಳಗೆ ಬರಲೋ ಬೇಡವೋ ಎಂದು ಯೋಚಿಸುವ ಗಿರಾಕಿಯ ಹಾಗೆ. ಅಂಥವರನ್ನು ಇಪ್ಪತ್ತಾರು ವರ್ಷ ನೋಡಿದವಳು ಇವಳು. ಅರ್ಧ ಹೆಜ್ಜೆ ಕಂಡ ಕೂಡಲೇ ಎರಡು ಗುಂಡಿ ಒತ್ತಿದಳು, ಕೋಲಿನವಳು ಪೈಲ್ವಾನನ ಕೈ ಕೊಡವಿ ಹಿಂದೆ ಹಾರಿದಳು. ಸೈದಪ್ಪ ‘ಆಹಾ’ ಎಂದ. ಎರಡು ವರ್ಷದಲ್ಲಿ ಅವನ ಬಾಯಿಂದ ಇಂಥ ಮಾತು ಬಂದಿರಲಿಲ್ಲ. ‘ತಪ್ಪಾತ್ರಿ’ ಅನ್ನುವುದನ್ನು ಅವನು ಯಾವಾಗ ನಿಲ್ಲಿಸಿದನೋ ಇಬ್ಬರಿಗೂ ನೆನಪಿಲ್ಲ.

ಬಿಡಿಸಿಕೊಳ್ಳಲು ಕಲಿತಳು ಅಂದರೆ ಗೆದ್ದಳು ಅಂತಲ್ಲ. ಸೋಲು ಮುಂದುವರಿಯಿತು, ಅದರ ಬಿಸಿ ಗಲ್ಲಾದವರೆಗೂ ತಟ್ಟಿತು. ಚಹಾ ತಣ್ಣಗಿದೆ ಎಂದ ಗಿರಾಕಿಗೆ ‘ಬೇಗ ಕುಡೀಬೇಕಿತ್ತು’ ಎಂಬ ಉತ್ತರ ಸಿಗತೊಡಗಿತು. ಮನೆಯಲ್ಲಿ ವಸಂತಕುಮಾರನ ಪಾಡು ಕೇಳಬೇಡಿ. ಅವನು ಒಂದು ಬೆಳಿಗ್ಗೆ ಸೈದಪ್ಪನನ್ನು ಹಿಟ್ಟಿನ ಡ್ರಮ್ಮುಗಳ ಹಿಂದೆ ಕರೆದು, ‘ಒಂದು ಸಲ ಸೋತುಬಿಡು ಮಾರಾಯ, ಹದಿನೈದು ದಿನದಿಂದ ನಂಗೆ ಸಾರಿಗೆ ಉಪ್ಪಿಲ್ಲ’ ಎಂದು ಅಂಗಲಾಚಿದ. ‘ಆಗಂಗಿಲ್ರಿ ಅಣ್ಣಾರ, ಅಕ್ಕಾರು ಈಗ ಖರೇನ ಕಲೀಲಿಕ್ಕತ್ತಾರ’ ಎಂದನಂತೆ ಸೈದಪ್ಪ. ಇದನ್ನು ಅಕ್ಕನಿಗೆ ಮುಟ್ಟಿಸಿದವನು ಬಾಲಪ್ಪ, ಮತ್ತೆ ಯಾರು?

ಆಮೇಲೆ ಬಂತು ಆ ಮಂಗಳವಾರ. ಮೊದಲ ಸುತ್ತು ಸೈದಪ್ಪನದ್ದು. ಎರಡನೆಯದು ಅಕ್ಕನದ್ದು. ಮೂರನೆಯದರಲ್ಲಿ ಪೈಲ್ವಾನ ಮೂರು ಸಲ ಹಿಡಿಯಲು ಬಂದ, ಮೂರು ಸಲವೂ ಅವಳು ಬಿಡಿಸಿಕೊಂಡಳು, ನಾಲ್ಕನೆಯ ಸಲ ಅವನು ಅರ್ಧ ಹೆಜ್ಜೆ ಇಡುತ್ತಿದ್ದಂತೆ ಕೋಲು ಹೋಗಿ ನೇರ ಹೊಟ್ಟೆಗೆ ಬಿತ್ತು. ಸೈದಪ್ಪ ಕಂಟ್ರೋಲರನ್ನು ಕೆಳಗಿಟ್ಟು ‘ಸೋತೆ ಅಕ್ಕಾರ’ ಎಂದ. ಜಯಲತಾ ಕೂಗಲಿಲ್ಲ. ಏಣಿ ಇಳಿದು ಬಂದು ಗಲ್ಲಾದಲ್ಲಿ ಕೂತು, ಎದುರಿನ ಗುಜರಾತಿ ಮುದುಕನಿಗೂ ಹೇಳದೆ, ಒಬ್ಬಳೇ ಆ ಗೆಲುವನ್ನು ಚಪ್ಪರಿಸಿದಳು.

ಐದೂವರೆಗೆ ಅಡುಗೆಮನೆಗೆ ಹೋದವಳ ಕಣ್ಣು ಗೋಡೆಯ ಹಾಳೆಯ ಮೇಲೆ ಬಿತ್ತು. ಹೊಸದಾಗಿ ಒಂದು ಸಾಲು ಸೇರಿತ್ತು: ಸೈದಪ್ಪ, ತಂಗಿಯ ನಿಶ್ಚಿತಾರ್ಥ, ನಾಲ್ಕು ದಿನ ರಜೆ. ಬರೆದದ್ದು ಅವತ್ತೇ.

ಅಕ್ಕ ಆ ಸಾಲನ್ನು ಎರಡು ಸಲ ಓದಿದಳು. ಮೊದಲ ಸುತ್ತು ಅವನದ್ದು, ಎರಡು ಇವಳದ್ದು, ಸಂಜೆಗೆ ರಜೆ. ಹಳೆಯ ಕ್ರಮ ಚಾಚೂ ತಪ್ಪದೆ ನಡೆದಿತ್ತು. ಕೇಳಿದರೆ ಸೈದಪ್ಪ, ‘ನಮ್ಮವ್ವನ ಆಣಿ ಅಕ್ಕಾರ, ಇವತ್ತ ನೀವ ಗೆದ್ದೀರಿ. ಊರಿಂದ ಫೋನ್ ಬಂದಿದ್ದ ನಾಕು ಗಂಟಿಗಿ, ಆಟ ಮುಗದ ಮ್ಯಾಲ’ ಎಂದು ಗಂಟಲ ಮೇಲೆ ಕೈಯಿಟ್ಟು ಹೇಳಿದ. ಆದರೆ ಎರಡು ವರ್ಷ ಸೋತಾಗಲೂ ಇವನ ಮುಖ ಇಷ್ಟೇ ಪ್ರಾಮಾಣಿಕವಾಗಿತ್ತಲ್ಲ! ನಂಬಿದರೆ ಮತ್ತೆ ಮೂರ್ಖಳಾದೆ, ನಂಬದಿದ್ದರೆ ಕೈಯಲ್ಲಿದ್ದ ಒಂದೇ ಒಂದು ಗೆಲುವು ಹೋಯಿತು. ಸೈದಪ್ಪ ಊರಿಗೆ ಹೋಗಿ ಬಂದ ಮೇಲೂ ಮಾಳದಲ್ಲಿ ಆಟ ನಡೆಯಿತು. ಅವಳು ಮತ್ತೆ ಗೆಲ್ಲಲಿಲ್ಲ, ಆ ಪ್ರಶ್ನೆಯೂ ತೀರಲಿಲ್ಲ.

ಮೂರು ವಾರದ ನಂತರ ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ, ಹಿಂದೆ ಕಾರ್ಖಾನೆಯಾಗಿದ್ದ ಒಂದು ಹಾಲ್‌ನಲ್ಲಿ, ಟೂರ್ನಮೆಂಟ್ ಇತ್ತು. ಈ ಸಲ ನಿಕಿತಾ ತಾಯಿಯ ಜೊತೆ ಸೈದಪ್ಪನ ಹೆಸರನ್ನೂ ಕೊಟ್ಟಳು. ಬೆಳಿಗ್ಗೆ ಕಲ್ಯಾಣದ ಪ್ಲಾಟ್‌ಫಾರ್ಮಿನವರೆಗೆ ಬಿಡಲು ಬಂದ ವಸಂತಕುಮಾರ, ಗಾಡಿ ಬರುವ ಮುಂಚೆ ಸೈದಪ್ಪನ ಹೆಗಲ ಮೇಲೆ ಕೈಹಾಕಿ ಏನೋ ಹೇಳುವುದು ಅಕ್ಕನಿಗೆ ಕಂಡಿತು. ಡೊಂಬಿವಲಿ ದಾಟಿದ ಮೇಲೆ ಅವಳು ಕೇಳಿಯೇಬಿಟ್ಟಳು.

‘ಎಂತ ಹೇಳಿದ್ರು ಅವರು?’

‘ನೀವಿಬ್ರೂ ಎದುರಾದ್ರ, ಮಂದಿ ಮುಂದ ಅಕ್ಕಗ ಸೋಲಸಬ್ಯಾಡ ಅಂದ್ರಿ’ ಎಂದ ಸೈದಪ್ಪ.

‘ನೀನೆಂತ ಹೇಳಿದೆ?’

‘ಹೂಂ ಅಂದೆ.’

‘ಹೂಂ ಅಂದೆಯಾ!’

‘ಅಣ್ಣಾರಿಗಿ ಊಂಹೂಂ ಅನ್ನಾಕ ಆಗ್ತದೇನ್ರಿ?’

ಠಾಣೆ ಬರುವವರೆಗೆ ಜಯಲತಾ ಕಿಟಕಿಯಾಚೆ ನೋಡುತ್ತ ಕೂತಳು. ಎದುರಾಗುವುದೇ ಬೇಡ ದೇವರೇ ಎಂದು ಕೈಮುಗಿದಳು. ದೇವರಿಗೆ ಆ ದಿನ ಬೇರೆ ಕೆಲಸವಿತ್ತು ಅಂತ ಕಾಣುತ್ತದೆ. ಮುಲುಂಡಿನ ಒಬ್ಬ ವಕೀಲನ ಜೊತೆ ಅವಳ ಮೊದಲ ಆಟ. ನಾಲ್ಕು ಹಿಡಿತ ಬಿಡಿಸಿಕೊಂಡಳು, ಮೂರನೆಯ ಸುತ್ತಿನವರೆಗೆ ಎಳೆದಳು, ಆದರೂ ಸೋತಳು. ಪಕ್ಕದ ಮೇಜಿನಲ್ಲಿ ಸೈದಪ್ಪ ಮನೀಷನಿಗೆ ಸೋತಿದ್ದ. ಒಂದೊಂದು ಆಟ ಸೋತವರನ್ನು ಒಬ್ಬರಿಗೊಬ್ಬರನ್ನು ಜೋಡಿ ಮಾಡುತ್ತಾರೆ. ಮನೀಷ್ ಪಟ್ಟಿ ಓದಿದ: ಜಯಲತಾ, ಸೈದಪ್ಪ. ಇದರಲ್ಲಿ ಸೋತವರು ಮನೆಗೆ.

ಇಬ್ಬರೂ ಪಕ್ಕಪಕ್ಕದ ಕುರ್ಚಿಯಲ್ಲಿ ಕೂತರು. ಹಿಂದೆ ಇಪ್ಪತ್ತು ಜನ ನಿಂತಿದ್ದರು. ಅಕ್ಕನಿಗೆ ಹೆದರಿಕೆಯಾಯಿತು. ಸೋಲುತ್ತೇನೆಂಬ ಹೆದರಿಕೆ ಅಲ್ಲ, ಇವನು ಗೆಲ್ಲಿಸಿಬಿಡುತ್ತಾನೆಂಬ ಹೆದರಿಕೆ. ಇಲ್ಲಿ ಗೆಲ್ಲಿಸಿದರೆ ಮಂಗಳವಾರವೂ ಗೆಲ್ಲಿಸಿದ್ದೇ ಎಂದಾಯಿತು. ಆಮೇಲೆ ಈ ಆಟವನ್ನು ಮುಟ್ಟುವ ಮುಖವೂ ಉಳಿಯುವುದಿಲ್ಲ.

‘ಸೈದಪ್ಪ, ನೀನು ಬಿಟ್ಟುಕೊಟ್ಟರೆ ನಾನು ಇನ್ನು ಮಾಳ ಹತ್ತುವವಳಲ್ಲ’ ಅಂದಳು. ಅವನ ಕಣ್ಣು ಪರದೆಯ ಮೇಲಿತ್ತು.

ಮೊದಲ ಸುತ್ತು ಸೈದಪ್ಪ ಗೆದ್ದ. ಎರಡನೆಯದು ಅವಳಿಗೆ ಬಂತು. ಜನ ಚಪ್ಪಾಳೆ ತಟ್ಟಿದರು, ನಿಕಿತಾ ‘ಮಮ್ಮೀ!’ ಎಂದು ಕಿರುಚಿದಳು. ಅಕ್ಕ ಮಾತ್ರ ಲೆಕ್ಕ ಹಾಕುತ್ತಿದ್ದಳು: ಒಂದು ಅವನದ್ದು, ಒಂದು ನನ್ನದು, ಇನ್ನು ಕ್ರಮದ ಪ್ರಕಾರ ಮೂರನೆಯದೂ ನನ್ನದು. ಅವಳು ಕಷ್ಟಪಟ್ಟು ಆಡಿದಳು. ಕೋಲು ಚುಚ್ಚಿದಳು, ತಡೆದಳು, ಎರಡು ಹಿಡಿತ ಬಿಡಿಸಿಕೊಂಡಳು. ಇಬ್ಬರ ಹಸಿರು ಪಟ್ಟಿಯೂ ಕರಗಿ ಕರಗಿ ಒಂದೊಂದು ಹೊಡೆತದಷ್ಟು ಉಳಿಯಿತು. ಪೈಲ್ವಾನ ಎದುರು ಬಂದು ನಿಂತ. ಈಗ ಸುಮ್ಮನೆ ನಿಂತುಬಿಡುತ್ತಾನೆ, ಈಗ ನನ್ನ ಕೋಲಿಗೆ ಹೊಟ್ಟೆ ಕೊಡುತ್ತಾನೆ ಎಂದು ಅವಳಿಗೆ ಅಳುವೇ ಬಂದಂತಾಯಿತು.

ಪೈಲ್ವಾನ ಅರ್ಧ ಹೆಜ್ಜೆ ಇಟ್ಟ. ಅವಳು ಗುಂಡಿ ಒತ್ತಿದಳು. ಅವನು ಹಿಡಿಯಲಿಲ್ಲ, ಹಿಂದೆ ಸರಿದ. ಬಿಡಿಸಿಕೊಳ್ಳಲು ಬೀಸಿದ ಕೋಲಿನವಳ ಕೈ ಖಾಲಿ ಗಾಳಿಯಲ್ಲಿ ಆಡಿ ಮುಗಿಯುವ ಮೊದಲೇ ಮುಂದೆ ನುಗ್ಗಿ ಅವಳ ಕುತ್ತಿಗೆಗೆ ಕೈಹಾಕಿ, ಎತ್ತಿ, ನಿಂತಿದ್ದವರೆಲ್ಲ ನೋಡುತ್ತಿದ್ದಂತೆ ನೆಲಕ್ಕೆ ಒಗೆದ.

ಆಟ ಮುಗಿಯಿತು. ಸೈದಪ್ಪ ಗೆದ್ದ, ಅಕ್ಕ ಹೊರಗೆ.

ಆ ಅರ್ಧ ಹೆಜ್ಜೆಯನ್ನು ಅಕ್ಕ ಓದುತ್ತಾಳೆಂದು ಅವನಿಗೆ ಗೊತ್ತಿತ್ತು, ಅದಕ್ಕೇ ಸುಳ್ಳು ಹೆಜ್ಜೆ ಇಟ್ಟಿದ್ದ. ಅವಳನ್ನು ಸೋಲಿಸಲು ಮೂರು ವಾರದಿಂದ ಯೋಚಿಸಿದವನು ಮಾತ್ರ ಹಾಗೆ ಮಾಡಬಲ್ಲ. ಅವನೀಗ ತಲೆ ತಗ್ಗಿಸಿ ಕೂತಿದ್ದ, ಕಲ್ಯಾಣಕ್ಕೆ ಹೋಗಿ ವಸಂತಕುಮಾರನಿಗೆ ಏನು ಹೇಳುವುದೆಂದು ಯೋಚಿಸುತ್ತಿರಬೇಕು. ಜಯಲತಾ ಎದ್ದು ನಿಂತಳು. ಕಣ್ಣಲ್ಲಿ ನೀರಿತ್ತು. ಮನೀಷ್ ಓಡಿ ಬಂದು ‘ಬ್ಯಾಡ್ ಲಕ್, ಆಂಟಿ’ ಎಂದು ಕೈ ಚಾಚಿದ. ಅವಳು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದಳು.

‘ಎಂಥ ಬ್ಯಾಡ್ ಲಕ್ ಮಾರಾಯ! ನಮ್ಮವರಿಗೆ ಹೂಂ ಅಂದು ಬಂದವನು, ಇಷ್ಟು ಜನರ ಮುಂದೆಯೂ ನಂಗೆ ಬಿಟ್ಟುಕೊಡಲಿಲ್ಲ. ಮತ್ತೆ ಮಂಗಳವಾರ ಬಿಟ್ಟುಕೊಡ್ತಾನಾ? ಮಂಗಳವಾರ ನಾನೇ ಗೆದ್ದದ್ದು!’